ಬೇರೆಯವರನ್ನು ಕೇಳುವ ಮೊದಲು ನಿಮ್ಮ ಉತ್ತರ ಬರೆದಿಡಿ

ನಿಮ್ಮ ಪ್ರಶ್ನೆ ಇದು: "ಹಾಸನದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಸಣ್ಣ ನಿರ್ಧಾರಕ್ಕೂ ನಾಲ್ಕು ಜನರನ್ನು ಕೇಳದೆ ಇರಲು ಆಗುವುದಿಲ್ಲ. ಕೇಳಿದ ಮೇಲೂ ಸಮಾಧಾನ ಇಲ್ಲ. ನನ್ನ ಮೇಲೆ ನನಗೆ ನಂಬಿಕೆ ಬರುವುದು ಹೇಗೆ?"

"ನಿಮ್ಮನ್ನು ನೀವು ನಂಬಿ" ಅಂತ ಹೇಳುವವರು ನಿಮಗೆ ಈಗಾಗಲೇ ಬೇಕಾದಷ್ಟು ಸಿಕ್ಕಿರುತ್ತಾರೆ. ನಂಬಬೇಕು ಸರಿ, ಆದರೆ ಏನನ್ನು ನೋಡಿ ನಂಬುವುದು? ಅದನ್ನು ಯಾರೂ ಹೇಳುವುದಿಲ್ಲ. ನನಗೆ ಕೆಲಸಕ್ಕೆ ಬಂದ ದಾರಿಯನ್ನು ಹೇಳುತ್ತೇನೆ. ಯಾರನ್ನಾದರೂ ಕೇಳುವ ಮೊದಲು ನನ್ನ ಉತ್ತರವನ್ನು ಬರೆದಿಡುವುದು.

ನಾನು ಹುಟ್ಟಿದ್ದು ಅರಸೀಕೆರೆ ಕಡೆ, ತೆಂಗಿನ ತೋಟದ ಮನೆಯಲ್ಲಿ. ಮದುವೆಯಾಗಿ ಬಂದಿದ್ದು ಮೂಡಿಗೆರೆ ಕಡೆಗೆ. ಮಾವನವರಿಗೆ ವಯಸ್ಸಾದ ಮೇಲೆ ಕಾಫಿ ತೋಟದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸ್ವಲ್ಪ ಅರೇಬಿಕಾ, ಜಾಸ್ತಿ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು.

ರೋಬಸ್ಟಾ ತೋಟದಲ್ಲಿ ವರ್ಷದ ದೊಡ್ಡ ನಿರ್ಧಾರ ಬೇಸಿಗೆಯಲ್ಲಿ ಬರುತ್ತದೆ. ಹೂವಿಗೆ ಸ್ಪ್ರಿಂಕ್ಲರ್ ಯಾವಾಗ ಹಾಕುವುದು? ಕೊಯ್ಲು ಮುಗಿದ ಮೇಲೆ ಗಿಡ ಕೆಲವು ದಿನ ಬಾಡಬೇಕು, ಮೊಗ್ಗು ಬಲಿಯಬೇಕು. ಆಮೇಲೆ ಒಂದರಿಂದ ಒಂದೂವರೆ ಇಂಚು ಮಳೆಯಷ್ಟು ನೀರು ಕೊಡಬೇಕು. ಸರಿಯಾಗಿ ಕೊಟ್ಟರೆ ಸುಮಾರು ಒಂದು ವಾರಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ನೀರು ಕಮ್ಮಿಯಾದರೆ ಮೊಗ್ಗು ಪೂರ್ತಿ ಅರಳುವುದಿಲ್ಲ. ಕಾದು ಕೂತರೆ ಕೆರೆಯ ನೀರು ಇಳಿಯುತ್ತದೆ. ರೋಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಹೂ ಅರಳಿದ ದಿನವೇ ಮಳೆ ಸುರಿದರೆ ಫಸಲಿಗೆ ಪೆಟ್ಟು. ಇಷ್ಟೆಲ್ಲ ಲೆಕ್ಕ ಹಾಕಿ, "ನಾಳೆ ಬೆಳಿಗ್ಗೆ ಮೋಟಾರು ಹಾಕಿ" ಅಂತ ಯಾರಾದರೂ ಒಬ್ಬರು ಹೇಳಲೇಬೇಕು. ಆ ಒಬ್ಬರು ಈಗ ನಾನು.

ಶುರುವಿನಲ್ಲಿ ನಾನೂ ನಿಮ್ಮ ಹಾಗೆಯೇ ಎಲ್ಲರನ್ನೂ ಕೇಳುತ್ತಿದ್ದೆ. ಮಾವ, ಪಕ್ಕದ ತೋಟದ ಅಣ್ಣ, ಮೇಸ್ತ್ರಿ, ವಾಟ್ಸಾಪ್ ಗುಂಪಿನಲ್ಲಿದ್ದ ಬೆಳೆಗಾರರು. ಒಬ್ಬೊಬ್ಬರದು ಒಂದೊಂದು ಮಾತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರವರ ತೋಟಕ್ಕೆ ಅವರವರ ಮಾತು ಸರಿಯಾಗಿತ್ತು. ಅವರ ತೋಟ ತಗ್ಗಿನಲ್ಲಿತ್ತು, ನಮ್ಮದು ಬಿಸಿಲು ಬೀಳುವ ಇಳಿಜಾರು. ನಮ್ಮ ಗಿಡ ದಿನಾ ನೋಡುತ್ತಿದ್ದವಳು ನಾನು ಮಾತ್ರ. ನಿಮ್ಮ ಆಫೀಸಿನಲ್ಲೂ ಹೀಗೇ ಅಲ್ವಾ? ಕೆಲಸ ನಿಮ್ಮ ಕೈಯಲ್ಲಿರುತ್ತದೆ. ಸಲಹೆ ಕೊಡುವವರು ಅದನ್ನು ಎರಡು ನಿಮಿಷ ನೋಡಿರುತ್ತಾರೆ.

ಆಗ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಮೊದಲೇ ಕೇಳಿಬಿಟ್ಟರೆ, ಫಲ ಚೆನ್ನಾಗಿ ಬಂದಾಗ "ಅವರು ಹೇಳಿದ್ದಕ್ಕೆ ಸರಿಯಾಯ್ತು" ಅನಿಸುತ್ತದೆ. ಕೆಟ್ಟರೆ "ನನಗೆ ಕೇಳಲೂ ಬರುವುದಿಲ್ಲ" ಅನಿಸುತ್ತದೆ. ಎಷ್ಟು ವರ್ಷ ದುಡಿದರೂ ನಮ್ಮ ಖಾತೆಗೆ ಒಂದು ರೂಪಾಯಿ ಜಮೆ ಆಗುವುದಿಲ್ಲ. ಅನುಭವ ಇದ್ದವರಿಗೂ ಅನುಮಾನ ಯಾಕೆ ಹೋಗುವುದಿಲ್ಲ ಅಂದರೆ, ನನ್ನ ಮಟ್ಟಿಗೆ ಇದೇ ಕಾರಣ.

ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇಡುತ್ತಾರೆ. ಯಾವ ದಿನ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ) ಅಂತ. ಅದರ ಪಕ್ಕದಲ್ಲೇ ನಾನು ಬರೆಯಲು ಶುರು ಮಾಡಿದೆ. ಇವತ್ತಿನ ತಾರೀಖು, ನನ್ನ ನಿರ್ಧಾರ, ಅದಕ್ಕೆ ಕಾರಣ, ಎಷ್ಟು ಖಾತ್ರಿ ಇದೆ. ಬರೆದ ಮೇಲೆ ಬೇಕಾದರೆ ಕೇಳುವುದು. ಫಲ ಗೊತ್ತಾದ ಮೇಲೆ ಮುಂದೆ ಏನಾಯಿತು ಅಂತ ಬರೆಯುವುದು. ಕೆಲವು ಬೇಸಿಗೆ ಕಳೆದ ಮೇಲೆ ಪುಟ ತಿರುಗಿಸಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೂವಿನ ನೀರಿನ ವಿಷಯದಲ್ಲಿ ನನ್ನ ಅಂದಾಜು ನಿಲ್ಲುತ್ತದೆ. ಮೆಣಸಿನ ಬೆಲೆಯ ವಿಷಯದಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ನೀರಿನ ವಿಷಯಕ್ಕೆ ನಾನು ಯಾರ ಒಪ್ಪಿಗೆಗೂ ಕಾಯುತ್ತಿಲ್ಲ.

ಆಲ್ಬರ್ಟ್ ಬಂಡೂರ ಅನ್ನುವ ಮನೋವಿಜ್ಞಾನಿ 1977ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. "ಇದು ನನ್ನ ಕೈಲಾಗುತ್ತದೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂತ ಅವರ ವಾದ. ಸ್ವಂತ ಕೈಯಿಂದ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರು ತುಂಬಿದ ಧೈರ್ಯ, ನಮ್ಮ ಮೈಮನಸ್ಸಿನ ಸ್ಥಿತಿ. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಹಾವಿಗೆ ವಿಪರೀತ ಹೆದರುವವರ ಜೊತೆ ಅವರು ಪ್ರಯೋಗ ಮಾಡಿದ್ದರು. ಬೇರೆಯವರು ಹಾವು ಹಿಡಿಯುವುದನ್ನು ಬರೀ ನೋಡಿದವರಿಗಿಂತ, ಹಂತಹಂತವಾಗಿ ತಾವೇ ಮುಟ್ಟಿದವರಲ್ಲಿ ಧೈರ್ಯ ಜಾಸ್ತಿ ಬೆಳೆಯಿತು. ಹಾಗಾಗಿ ನಾನೂ ಸೇರಿ ಯಾರು ಎಷ್ಟು ಹುರಿದುಂಬಿಸಿದರೂ ಅದು ಸ್ವಲ್ಪ ದೂರ ಮಾತ್ರ ಬರುತ್ತದೆ.

ಆ ನಾಲ್ಕನೆಯದರ ಬಗ್ಗೆ ಒಂದು ಮಾತು. ನಿರ್ಧಾರ ಹೇಳುವಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಅದನ್ನು ನೋಡಿ "ನನ್ನ ನಿರ್ಧಾರವೇ ತಪ್ಪಿರಬೇಕು" ಅಂದುಕೊಳ್ಳಬೇಡಿ. ವಿಷಯ ದೊಡ್ಡದು ಅಂತ ಮೈಗೆ ಗೊತ್ತಾಗಿದೆ, ಅಷ್ಟೇ. ಮೋಟಾರು ಹಾಕಿಸುವ ಹಿಂದಿನ ರಾತ್ರಿ ನನಗೆ ಈಗಲೂ ಸರಿಯಾಗಿ ನಿದ್ದೆ ಬರುವುದಿಲ್ಲ. ಮೋಟಾರು ಹಾಕಿಸುವುದನ್ನು ಮಾತ್ರ ಅದಕ್ಕಾಗಿ ನಿಲ್ಲಿಸುವುದಿಲ್ಲ.

ನೀವು ಹಾಸನದಲ್ಲೇ ಇದ್ದೀರಿ. ಒಂದು ಭಾನುವಾರ ಬೇಲೂರಿಗೆ ಹೋಗಿ. ಚೆನ್ನಕೇಶವ ದೇವಸ್ಥಾನ 1117ರದು. ಅಲ್ಲಿ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳ ಮೇಲೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಹೀಗೆ. ನನಗೆ ಅದು ತುಂಬಾ ಇಷ್ಟ. ಹೆಸರು ಹಾಕಿದ ಮೇಲೆ ಹೊಗಳಿಕೆಯೂ ನಮ್ಮದು, ತೆಗಳಿಕೆಯೂ ನಮ್ಮದು. ಬರೆದಿಡುವಾಗ ನಿಮ್ಮ ನಿರ್ಧಾರದ ಕೆಳಗೆ ನಿಮ್ಮ ಹೆಸರು ಹಾಕಿ ನೋಡಿ.

ಮೊದಲು ಕೆಟ್ಟರೂ ಸರಿಪಡಿಸಬಹುದಾದ ಕೆಲಸಗಳನ್ನು ಆರಿಸಿಕೊಳ್ಳಿ. ಒಂದು ಇಮೇಲ್, ಒಂದು ಸಣ್ಣ ವರದಿ, ಮನೆಗೆ ತರುವ ಸಾಮಾನು. ಕೇಳಲೇಬೇಕು ಅನಿಸಿದರೆ "ಇದು ಸರೀನಾ?" ಅಂತ ಕೇಳಬೇಡಿ. "ನಾನು ಹೀಗೆ ಮಾಡುತ್ತಿದ್ದೇನೆ, ನನ್ನ ಕಣ್ಣಿಗೆ ಬೀಳದೆ ಇರುವುದು ಏನಾದರೂ ಇದೆಯಾ?" ಅಂತ ಕೇಳಿ. ಮೊದಲನೆಯದರಲ್ಲಿ ನಿರ್ಧಾರ ಅವರ ಕೈಗೆ ಹೋಗುತ್ತದೆ. ಎರಡನೆಯದರಲ್ಲಿ ನಿಮ್ಮ ಹತ್ತಿರವೇ ಉಳಿಯುತ್ತದೆ.

ಅನುಮಾನದಿಂದ ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ ಮಾತ್ರ ಪುಸ್ತಕ ಬರೆಯುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲವನ್ನೂ ಒಬ್ಬರೇ ನಿರ್ಧರಿಸಬೇಕು ಅಂತಲೂ ನಾನು ಹೇಳುತ್ತಿಲ್ಲ. ಅರೇಬಿಕಾಗೆ ಬಿಳಿ ಕಾಂಡಕೊರಕದ ಕಾಟ ಇದೆ. ಕಾಂಡದ ಮೇಲೆ ಉಬ್ಬಿದ ಗೆರೆ ನೋಡಿ ಹುಳ ಬಿದ್ದ ಗಿಡವನ್ನು ಗುರುತಿಸಿ ಕಿತ್ತು ಸುಡಬೇಕು. ನನಗೆ ಆ ಕಣ್ಣು ಇನ್ನೂ ಬಂದಿಲ್ಲ. ಅದಕ್ಕೆ ಅನುಭವ ಇರುವ ಆಳುಗಳನ್ನು ಕರೆಯುತ್ತೇನೆ, ಕಾಫಿ ಮಂಡಳಿಯವರನ್ನು ಕೇಳುತ್ತೇನೆ. ಕೇಳಲು ನನಗೆ ಯಾವ ಸಂಕೋಚವೂ ಇಲ್ಲ. ನಿಮ್ಮ ಕೆಲಸದಲ್ಲೂ ಅಂಥವು ಒಂದೆರಡು ಇರುತ್ತವೆ. ಅವು ಯಾವುವು ಅಂತ ಕೆಲವು ತಿಂಗಳು ಬರೆದ ಮೇಲೆ ನಿಮಗೇ ಗೊತ್ತಾಗುತ್ತದೆ.