ಓದುಗರ ಪ್ರಶ್ನೆ, ನಮ್ಮ ಉತ್ತರ: ಪೈಥಾನ್‌ಗೆ ಯಜಮಾನರು ಯಾರು?

ಪ್ರಶ್ನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಯಾರ ಸ್ವತ್ತೂ ಅಲ್ಲ ಅಂತಾರೆ. ಹಾಗಾದರೆ ಭಾಷೆಗೆ ಏನು ಸೇರಬೇಕು, ಏನು ಬೇಡ ಅಂತ ತೀರ್ಮಾನಿಸೋದು ಯಾರು? ನಮ್ಮಂಥವರಿಗೂ ವೋಟು ಸಿಗುತ್ತದೆಯೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಉತ್ತರ: 2018ರ ಜುಲೈವರೆಗೆ ಕೊನೆಯ ಮಾತು ಒಬ್ಬರದೇ ಆಗಿತ್ತು, ಭಾಷೆ ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಅವರದು. ‘:=’ ಚಿಹ್ನೆಯನ್ನು ಸೇರಿಸುವ ಪ್ರಸ್ತಾಪದ, ಅಂದರೆ ಪೆಪ್ 572ರ (ಬದಲಾವಣೆ, ನಿಯಮಗಳನ್ನು ಬರೆದಿಡುವ ಸಂಖ್ಯೆ ಹಾಕಿದ ದಾಖಲೆಯೇ ಪೆಪ್), ಜಗಳ ವಿಪರೀತಕ್ಕೆ ಹೋಯಿತು. ಅದನ್ನು ಒಪ್ಪಿದ ಬೆನ್ನಿಗೇ ಅವರು ಯಜಮಾನಿಕೆ ಬಿಟ್ಟರು, ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಈಗಿರುವುದು ಐದು ಜನರ ಸ್ಟೀರಿಂಗ್ ಕೌನ್ಸಿಲ್. ಪೆಪ್ 13 ಅದರ ಬೈಲಾ. ಹೊಸ ಆವೃತ್ತಿ ಬಂದ ಮೇಲೆ ಪ್ರತಿ ಸಲವೂ ಗುಪ್ತ ಮತದಾನ ನಡೆಯುತ್ತದೆ. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಕೂರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಇಡೀ ಬೈಲಾದಲ್ಲಿ ಬೆಲೆಬಾಳುವ ಸಾಲು ಇದೇ.

ಅಡಿಕೆ ಸೊಸೈಟಿಯಲ್ಲಿ ಷೇರು ಹಣ ಕಟ್ಟಿದರೆ ವೋಟು. ಕೌನ್ಸಿಲ್ ಚುನಾವಣೆಯಲ್ಲಿ ಹಾಗಲ್ಲ, ಭಾಷೆಯ ಕೋಡಿಗೆ ಬದಲಾವಣೆ ಸೇರಿಸುವ ಹಕ್ಕಿರುವ ಕೋರ್ ಡೆವಲಪರ್‌ಗಳು ಮಾತ್ರ ಮತ ಹಾಕುತ್ತಾರೆ. ಆ ಪಟ್ಟಿಗೆ ಸೇರಲು ಈಗಾಗಲೇ ಒಳಗಿರುವವರೊಬ್ಬರು ನಿಮ್ಮ ಹೆಸರು ಸೂಚಿಸಬೇಕು, ಒಂದು ವಿರೋಧಕ್ಕೆ ಎರಡಾದರೂ ಪರ ಮತ ಬೀಳಬೇಕು. ಬಹಳ ದಿನ ಕೆಲಸ ಕಣ್ಣಿಗೆ ಬೀಳದೆ ಇದು ಆಗುವ ಮಾತಲ್ಲ.

ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಬೇರೆಯೇ ಸಂಸ್ಥೆ. ಹಣ, ಟ್ರೇಡ್‌ಮಾರ್ಕ್, ಸಮ್ಮೇಳನ ಅದರ ಪಾಲು. ಭಾಷೆಗೆ ಸಂಬಂಧಿಸಿದ ಸ್ವಯಂಸೇವೆಯನ್ನು ತಿಂಗಳಿಗೆ 5 ಗಂಟೆಯಾದರೂ ಮಾಡುವವರು ದುಡ್ಡು ಕೊಡದೆ ಅದರ ಮತದಾರ ಸದಸ್ಯರಾಗಬಹುದು. ಊರಲ್ಲಿ ಪೈಥಾನ್ ಕೂಟ ನಡೆಸುವ ಕೆಲಸವೂ ಆ ಲೆಕ್ಕಕ್ಕೆ ಬರುತ್ತದೆ. ಸಾಗರದಲ್ಲಿ ಕೂತವರಿಗೆ ಹತ್ತಿರದ ಬಾಗಿಲು ಇದೇ. ಭಾಷೆಗೇ ಏನಾದರೂ ಸೇರಿಸಬೇಕೆಂದಿದ್ದರೆ ಪೆಪ್ ಯಾರು ಬೇಕಾದರೂ ಬರೆಯಬಹುದು, ಆದರೆ ಒಬ್ಬ ಕೋರ್ ಡೆವಲಪರ್ ಪ್ರಾಯೋಜಕರಾಗಿ ನಿಲ್ಲಬೇಕು.

ಪ್ರಶ್ನೆ: ಪೈಥಾನ್‌ಗೆ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ ಮೂರು ವಾರವಾಯಿತು, ಉತ್ತರವಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೇ ಕಡೆಗಣಿಸಿದರೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಷ್ಟು ಬೇಗ ಹಾಗಂದುಕೊಳ್ಳಬೇಡಿ. ಮೊದಲು ಪುಟದ ಕೆಳಭಾಗದಲ್ಲಿ ಬಾಟ್‌ಗಳು ಏನು ಹೇಳಿವೆ ನೋಡಿ. ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಪ್ಯಾಚು ಒಳಗೆ ಹೋಗುವುದಿಲ್ಲ. ಬಳಕೆದಾರರಿಗೆ ತಾಗುವ ಬದಲಾವಣೆಗೆ ನ್ಯೂಸ್ ಟಿಪ್ಪಣಿ ಬೇಕು, ಅದನ್ನು ‘ಬ್ಲರ್ಬ್’ ಸಾಧನದಿಂದ ಸೇರಿಸಿ. ಶೀರ್ಷಿಕೆಯಲ್ಲಿ ಇಶ್ಯೂ, ಅಂದರೆ ದಾಖಲಾದ ದೋಷ ಅಥವಾ ಕೋರಿಕೆಯ, ಸಂಖ್ಯೆ ಇರಲಿ. ರಿವ್ಯೂ ಶುರುವಾದ ಮೇಲೆ ಫೋರ್ಸ್ ಪುಶ್ (ಹಿಂದೆ ಕಳಿಸಿದ್ದನ್ನು ಅಳಿಸಿ ಅದರ ಜಾಗಕ್ಕೆ ಹೊಸದನ್ನು ಹಾಕುವುದು) ಮಾಡಬೇಡಿ. ಹಿಂದೆ ಓದಿದವರಿಗೆ ಏನು ಬದಲಾಯಿತೆಂದು ಗೊತ್ತಾಗುವುದಿಲ್ಲ. ವಿಲೀನ ಮಾಡುವಾಗ ಒಂದೊಂದಾಗಿ ಉಳಿಸಿದ ಬದಲಾವಣೆಗಳನ್ನು, ಅಂದರೆ ಎಲ್ಲ ಕಮಿಟ್‌ಗಳನ್ನೂ ಹೇಗೂ ಒಂದು ಮಾಡುತ್ತಾರೆ.

ಇದೆಲ್ಲ ಸರಿಯಿದ್ದರೆ ತಿಂಗಳು ತುಂಬಲಿ, ಆಮೇಲೆ ಎರಡು ಸಾಲಿನ ನೆನಪೋಲೆ ಹಾಕಿ. ಇಂಗ್ಲಿಷ್ ಚಿಕ್ಕದಿದ್ದಷ್ಟೂ ಒಳ್ಳೆಯದು: ಏನು ಕೆಟ್ಟಿತ್ತು, ಏನು ಬದಲಿಸಿದೆ, ಯಾವ ಟೆಸ್ಟ್ ಸೇರಿಸಿದೆ. ಹೊಗಳಿಕೆ, ಕ್ಷಮಾಪಣೆ ಯಾವುದೂ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಇಂಥ ಯೋಜನೆಗಳ ಸಭೆಗಳೆಲ್ಲ ರಾತ್ರಿಯೇ. ಭಾಗವಹಿಸುವುದು ಹೇಗೆ?
– ಹೊಸನಗರ

ಉತ್ತರ: ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 9 ಅಂದರೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 9:30, ಅವರ ಚಳಿಗಾಲದಲ್ಲಿ 10:30. ಹಾಗಾಗಿ ತೀರ್ಮಾನ ಬರಹದಲ್ಲಿ ಆಗುವ ಯೋಜನೆಗಳನ್ನೇ ಆರಿಸಿಕೊಳ್ಳಿ. ರಸ್ಟ್ ಭಾಷೆಯಲ್ಲಿ ಪ್ರಸ್ತಾಪವೊಂದನ್ನು ಒಪ್ಪುವ ಮುನ್ನ 10 ದಿನ ಕೊನೆಯ ಆಕ್ಷೇಪಣೆಗೆ ಬಿಡುತ್ತಾರೆ. ಎರಡು ದಿನ ಲೈನ್ ಬಿದ್ದರೂ ನಿಮ್ಮ ಮಾತು ಹೇಳುವ ಅವಕಾಶ ತಪ್ಪುವುದಿಲ್ಲ. ಕೋಡ್ ಇಳಿಸುವಾಗ ಗಿಟ್ ಕ್ಲೋನ್ (ಇಡೀ ಕೋಡನ್ನೂ ಅದರ ಇತಿಹಾಸವನ್ನೂ ತರುವ ಆದೇಶ) ನಡುವೆ ನಿಂತರೆ ಮತ್ತೆ ಮೊದಲಿಂದಲೇ ಶುರು. ಡೆಪ್ತ್ 1 ಆಯ್ಕೆ ಕೊಟ್ಟು ಇತ್ತೀಚಿನ ಪ್ರತಿಯಷ್ಟನ್ನೇ ತಂದುಕೊಳ್ಳಿ, ನೆಟ್ ಚೆನ್ನಾಗಿರುವ ದಿನ ಡೀಪನ್ ಆಯ್ಕೆಯಿಂದ ಹಳೆಯ ಇತಿಹಾಸವನ್ನು ಕಂತಿನಲ್ಲಿ ತರಬಹುದು.

ಪ್ರಶ್ನೆ: ಶಿವಮೊಗ್ಗದಲ್ಲಿ ಯೂಸರ್ ಗ್ರೂಪ್ ಕಟ್ಟುತ್ತಿದ್ದೇವೆ. ಹುಡುಗಿಯರು ಒಂದು ಸಲ ಬಂದವರು ಮತ್ತೆ ಬರುತ್ತಿಲ್ಲ. ನಡವಳಿಕೆ ಸಂಹಿತೆ ಹಾಕಿದರೆ ಸಾಕೇ?
– ಕಾಲೇಜು ತಂಡ, ಶಿವಮೊಗ್ಗ

ಉತ್ತರ: ಬರೀ ಹಾಕಿದರೆ ಸಾಲದು. ದೂರು ಯಾರಿಗೆ, ಎಷ್ಟು ದಿನದಲ್ಲಿ ಉತ್ತರ, ಏನು ಕ್ರಮ ಎಂದು ಬರೆಯದ ಸಂಹಿತೆ ಗೋಡೆಯ ಕ್ಯಾಲೆಂಡರ್. ದೂರು ಕೇಳಲು ಇಬ್ಬರ ಹೆಸರು, ನಂಬರ್ ಹಾಕಿ, ಒಬ್ಬರಾದರೂ ಮಹಿಳೆಯಾಗಿರಲಿ. ಮಾರ್ಕ್ಸ್ ಕೊಡುವ ಅಧ್ಯಾಪಕರು ಆ ಜಾಗದಲ್ಲಿ ಬೇಡ; ವಿದ್ಯಾರ್ಥಿಗಳು ಬಾಯಿ ಬಿಡುವುದಿಲ್ಲ. ದೂರು ಬಂದದ್ದನ್ನು 2 ದಿನದೊಳಗೆ ಒಪ್ಪಿಕೊಳ್ಳಿ, ವಾರದಲ್ಲಿ ತೀರ್ಮಾನ ಹೇಳಿ. ವಾಟ್ಸ್ಯಾಪ್ ಗುಂಪಿನಲ್ಲಿ ಪಂಚಾಯ್ತಿ ನಡೆಸಬೇಡಿ.

ದೂರು ಸಮಿತಿಯವರ ಮೇಲೇ ಬಂದರೆ? ಇದನ್ನು ಈಗಲೇ ಬರೆದಿಡಿ. 2021ರ ನವೆಂಬರ್‌ನಲ್ಲಿ ರಸ್ಟ್‌ನ ನಡವಳಿಕೆ ದೂರು ನೋಡುವ ಮಾಡರೇಶನ್ ತಂಡ ಇಡಿಯಾಗಿ ರಾಜೀನಾಮೆ ಕೊಟ್ಟದ್ದು ಇದೇ ಕಾರಣಕ್ಕೆ: ಯೋಜನೆ ನಡೆಸುತ್ತಿದ್ದ ಕೋರ್ ಟೀಮ್ ತನ್ನನ್ನು ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. 2023ರಲ್ಲಿ ಕೋರ್ ಟೀಮ್ ಹೋಗಿ, ಎಲ್ಲ ಮುಖ್ಯ ತಂಡಗಳ ಪ್ರತಿನಿಧಿಗಳಿರುವ ಲೀಡರ್‌ಶಿಪ್ ಕೌನ್ಸಿಲ್ ಬಂತು. ನಿಮ್ಮಲ್ಲಿ ಹೊರಗಿನ ಒಬ್ಬರನ್ನು ಹೆಸರಿಸಿಟ್ಟರೆ ಸಾಕು.

ಇನ್ನು, ಹುಡುಗಿಯರು ಬರದಿರಲು ಅರ್ಧ ಕಾರಣ ಹೊತ್ತು. ಶನಿವಾರ ಸಂಜೆ ಬಿಟ್ಟು ಭಾನುವಾರ ಬೆಳಿಗ್ಗೆ 10:30ಕ್ಕೆ ಇಟ್ಟು 1 ಗಂಟೆಗೆ ಮುಗಿಸಿ. ಹಾಸ್ಟೆಲ್ ಗೇಟಿನ ಚಿಂತೆ ಇಲ್ಲ, ತೀರ್ಥಹಳ್ಳಿ ಕಡೆಯವರು ಬೆಳಕಿರುವಾಗಲೇ ಬಸ್ಸು ಹತ್ತಬಹುದು.

ಪ್ರಶ್ನೆ: ಪೈಥಾನ್ ದಾಖಲೆಗಳನ್ನು ಕನ್ನಡಕ್ಕೆ ತರಲು ಅನುಮತಿ ಬೇಕೇ?
– ಭದ್ರಾವತಿ

ಉತ್ತರ: ಪೆಪ್ 545ರಲ್ಲಿ ದಾರಿ ಇದೆ. ಭಾಷೆಗೊಬ್ಬ ಸಂಚಾಲಕ, ಅನುವಾದವನ್ನು ಯಾರು ಬೇಕಾದರೂ ಬಳಸಬಹುದಾದ ಸಿಸಿ0 ಹಕ್ಕಿನಡಿ ಬಿಡುವ ಒಪ್ಪಿಗೆ. ಟ್ಯುಟೋರಿಯಲ್, ಬಿಲ್ಟ್‌ಇನ್ ಫಂಕ್ಷನ್‌ಗಳ ಪುಟ, ದೋಷ ವರದಿ ಮಾಡುವ ಪುಟ, ಈ ಮೂರು ಪೂರ್ತಿಯಾದರೆ ಭಾಷೆ ಆರಿಸುವ ಪಟ್ಟಿಯಲ್ಲಿ ಹೆಸರು ಬರುತ್ತದೆ.

ಕನ್ನಡಕ್ಕೇ ಬರುವ ತೊಡಕೊಂದಿದೆ. ಫಂಕ್ಷನ್ ಹೆಸರಿನ ಸುತ್ತ ಹಾಕುವ ‘`’ ಚಿಹ್ನೆ, ಅಂದರೆ ಬ್ಯಾಕ್‌ಟಿಕ್ ಮುಚ್ಚಿದ ಕೂಡಲೇ ‘ಅನ್ನು’, ‘ಗೆ’ ಅಂಟಿಸಿದರೆ ದಾಖಲೆಯ ಪುಟ ಕಟ್ಟುವ ಸ್ಫಿಂಕ್ಸ್ ಸಾಧನ ಗುರುತು ಹಿಡಿಯದೆ ಎಚ್ಚರಿಕೆ ಕೊಡುತ್ತದೆ. ನಡುವೆ ‘\’ ಹಾಕಿ ಒಂದು ಸ್ಪೇಸ್ ಬಿಡಿ, ಪುಟದಲ್ಲಿ ಎರಡೂ ಕಾಣುವುದಿಲ್ಲ. ಅನುವಾದವಿರುವ ಪಿಒ ಫೈಲನ್ನು ನೇರವಾಗಿ ತಿದ್ದುವುದಾದರೆ ಆ ‘\’ ಗೆರೆಯನ್ನು ಎರಡು ಸಲ ಬರೆಯಬೇಕು. ಉದಾಹರಣೆ ಕೋಡಿನಲ್ಲಿ ವೇರಿಯೇಬಲ್‌ಗೆ ಕನ್ನಡ ಹೆಸರು ಪೈಥಾನ್ 3ರಲ್ಲಿ ನಡೆಯುತ್ತದೆ. ಆದರೆ ‘ಸಾಫ್ಟ್‌ವೇರ್’ ಥರದ ಪದದಲ್ಲಿ ‘ಟ್’ ಮತ್ತು ‘ವೇ’ ಬಿಡಿಸಿಡುವ ಕಣ್ಣಿಗೆ ಕಾಣದ ಅಕ್ಷರವೊಂದು ಅಡಗಿರುತ್ತದೆ, ಅದಕ್ಕೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ‘ಹೆಸರು’, ‘ಬೆಲೆ’, ‘ಮೊತ್ತ’ದಂಥ ಪದಗಳನ್ನು ಆರಿಸಿಕೊಳ್ಳಿ.