ಟ್ಯಾಂಕ್ ತುಂಬಿದ ಮೇಲೇ ಯಾಕೆ ಸೋರುತ್ತದೆ?

ಪ್ರಶ್ನೆ: ಸರ್, ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಹದಿನೈದು ವರ್ಷ ಸೇದಿದ ಸಿಗರೇಟು ಬಿಟ್ಟು ಈಗ ವೇಪ್, ಅಂದರೆ ಇ-ಸಿಗರೇಟು, ಹಿಡಿದಿದ್ದೇನೆ. ಖರ್ಚು ಕಡಿಮೆಯಾಗಲಿ ಅಂತ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ ಸುರುಳಿ), ಅದಕ್ಕೆ ಲಿಕ್ವಿಡ್ ಹೀರಿಕೊಡುವ ಹತ್ತಿ ನಾವೇ ಹಾಕಿಕೊಳ್ಳುವ ಆರ್‌ಟಿಎ ಟ್ಯಾಂಕ್ ತಗೊಂಡೆ. ಸೇದುವಾಗ ಏನೂ ತೊಂದರೆ ಇಲ್ಲ. ಆದರೆ ಮೇಲಿನ ಮುಚ್ಚಳ ತೆಗೆದು ಲಿಕ್ವಿಡ್ ತುಂಬಿದರೆ ಸಾಕು, ಎರಡೇ ನಿಮಿಷದಲ್ಲಿ ಕೆಳಗಿನ ಗಾಳಿ ತೂತಿನಿಂದ ಜಿನುಗಿ ಜೇಬೆಲ್ಲ ಅಂಟಂಟು. ಅಂಗಡಿಯವನು ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಬದಲಾಯಿಸಿ ಅಂದ. ಮೂರು ಸಲ ಬದಲಾಯಿಸಿದೆ. ಏನು ಮಾಡಲಿ?

ಉತ್ತರ: ಓ-ರಿಂಗನ್ನು ಸದ್ಯ ಅದರ ಪಾಡಿಗೆ ಬಿಡಿ. ಸೇದುವಾಗ ಸೋರುವುದಿಲ್ಲ, ತುಂಬಿದಾಗ ಮಾತ್ರ ಸೋರುತ್ತದೆ ಅಂತ ನೀವೇ ಬರೆದಿದ್ದೀರಿ. ಹರಿದ ಓ-ರಿಂಗ್ ಹೊತ್ತು ಗೊತ್ತು ನೋಡಿಕೊಂಡು ಸೋರುತ್ತದಾ?

ಊರಲ್ಲಿ 20 ಲೀಟರ್ ನೀರಿನ ಕ್ಯಾನನ್ನು ತಲೆಕೆಳಗು ಮಾಡಿ ಡಿಸ್ಪೆನ್ಸರ್ ಮೇಲೆ ಇಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಬಾಯಿ ಕೆಳಗಿದ್ದರೂ ನೀರು ಒಂದೇ ಸಲ ಸುರಿದುಬಿಡುವುದಿಲ್ಲ. ನಲ್ಲಿ ತಿರುಗಿಸಿದರೆ ಗುಳುಕ್ ಅಂತ ಒಂದು ಗುಳ್ಳೆ ಮೇಲೆ ಹೋಗುತ್ತದೆ, ಅದರ ಲೆಕ್ಕಕ್ಕೆ ಸರಿಯಾಗಿ ಅಷ್ಟು ನೀರು ಕೆಳಗೆ ಇಳಿಯುತ್ತದೆ. ಅದೇ ಕ್ಯಾನಿನ ತಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಬೆಳಗ್ಗೆ ಹೊತ್ತಿಗೆ ಅಡುಗೆಮನೆ ತುಂಬ ನೀರು. ನಮ್ಮನೆಯಲ್ಲಿ ಒಮ್ಮೆ ಆಗಿದೆ. ನಲ್ಲಿ ಸರಿಯಾಗಿ ಮುಚ್ಚಿಲ್ಲ ಅಂತ ಅಮ್ಮ ನನಗೇ ಬೈದಿದ್ದರು.

ನಿಮ್ಮ ಟ್ಯಾಂಕೂ ಅಷ್ಟೇ. ಮುಚ್ಚಿದ್ದಾಗ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಲಿಕ್ವಿಡ್ಡನ್ನು ಹಿಡಿದು ನಿಲ್ಲಿಸುವುದು ಅದೇ. ಮುಚ್ಚಳ ತೆಗೆದಿರೋ, ಆ ಹಿಡಿತ ಹೋಯಿತು, ಹತ್ತಿ ಒಂದೇ ಅಡ್ಡ ನಿಲ್ಲಬೇಕು. ಸಾಲದ್ದಕ್ಕೆ, ತುಂಬಿಸಿ ಮುಚ್ಚಳ ತಿರುಗಿಸುವಾಗ ಒಳಗೆ ಉಳಿದ ಗಾಳಿ ಒತ್ತಿಕೊಂಡು ಲಿಕ್ವಿಡ್ಡನ್ನು ಹತ್ತಿಯ ಮೂಲಕ ಕಾಯಿಲ್ ಇರುವ ಗೂಡಿಗೆ ತಳ್ಳುತ್ತದೆ, ಗೂಡು ತುಂಬಿದ ಮೇಲೆ ಅದು ಗಾಳಿ ತೂತು ಬಿಟ್ಟು ಇನ್ನೆಲ್ಲಿ ಹೋಗಬೇಕು ಹೇಳಿ.

ಹಾಗಾಗಿ ತುಂಬುವ ಮೊದಲು, ಗಾಳಿ ತೂತನ್ನು ತೆರೆದು ಮುಚ್ಚುವ ಕೆಳಗಿನ ಏರ್‌ಫ್ಲೋ ರಿಂಗನ್ನು ಪೂರ್ತಿ ಮುಚ್ಚಿ. ಲಿಕ್ವಿಡ್ ಹರಿಯುವ ದಾರಿಯನ್ನೇ ಮುಚ್ಚುವ ಸೌಲಭ್ಯ ನಿಮ್ಮ ಟ್ಯಾಂಕಿನಲ್ಲಿದ್ದರೆ ಅದನ್ನೂ ಮುಚ್ಚಿ, ಅದಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಬಾಟಲಿಯ ಮೂತಿ ಪಕ್ಕದ ಕಿಂಡಿಯಲ್ಲಿ ಇರಲಿ. ನಡುವಿನ ಕೊಳವೆಗೆ ಒಂದು ಹನಿ ಬಿದ್ದರೂ ಅದು ನೇರ ಕಾಯಿಲ್ ಮೇಲೆ. ಕಂಠಮಟ್ಟ ತುಂಬಬೇಡಿ, ಮೇಲೆ ಒಂದಿಷ್ಟು ಗಾಳಿಗೆ ಜಾಗ ಬೇಕು. ಮುಚ್ಚಳ ತೆಗೆದಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ಕೂರಬೇಡಿ.

ಈಗ ನಿಜವಾದ ಕೈಚಳಕ. ಮುಚ್ಚಳ ಬಿಗಿ ಮಾಡಿದ ಕೂಡಲೇ, ರಿಂಗ್ ಇನ್ನೂ ಮುಚ್ಚಿರುವಾಗಲೇ, ಬಾಯಿಗಿಡುವ ತುದಿಗೆ ಟಿಶ್ಯೂ ಹಿಡಿದು ಟ್ಯಾಂಕನ್ನು ತಲೆಕೆಳಗು ಮಾಡಿ. ಗುಳ್ಳೆ ನಿಧಾನಕ್ಕೆ ತೇಲುತ್ತಾ ಹತ್ತಿಯ ಕಡೆಗೆ ಬರುವುದು ಗಾಜಿನಲ್ಲೇ ಕಾಣುತ್ತದೆ. ಅದು ಅಲ್ಲಿಗೆ ತಲುಪಿದ ಮೇಲೆ ರಿಂಗ್ ತೆರೆಯಿರಿ. ಈಗ ಹತ್ತಿಯ ಬಾಗಿಲಲ್ಲಿ ನಿಂತಿರುವುದು ಲಿಕ್ವಿಡ್ ಅಲ್ಲ, ಗಾಳಿ. ಒತ್ತಿಕೊಂಡಿದ್ದ ಗಾಳಿ ಹೊರಗೆ ಹೋಗುತ್ತದೆ, ಲಿಕ್ವಿಡ್ ಇದ್ದಲ್ಲೇ ಇರುತ್ತದೆ. ಹತ್ತು ಸೆಕೆಂಡ್ ಬಿಟ್ಟು ನೆಟ್ಟಗೆ ಮಾಡಿ. ಇದನ್ನು ಕಲಿಯುವ ಮೊದಲು ನಾನು ಎರಡು ಪ್ಯಾಂಟ್ ಹಾಳು ಮಾಡಿಕೊಂಡಿದ್ದೇನೆ.

ಇಷ್ಟು ಮಾಡಿಯೂ ಜಿನುಗಿದರೆ ತಪ್ಪು ಹತ್ತಿಯದ್ದು. ದೀಪಕ್ಕೆ ಬತ್ತಿ ಹೊಸೆಯುವವರಿಗೆ ಇದು ಹೇಳಿಕೊಡಬೇಕಿಲ್ಲ: ತೀರಾ ಬಿಗಿಯಾದರೆ ಎಣ್ಣೆ ಏರುವುದಿಲ್ಲ, ಸಡಿಲವಾದರೆ ದೀಪದ ಮೂತಿಯಿಂದ ತೊಟ್ಟಿಕ್ಕುತ್ತದೆ. ಕಾಯಿಲ್ ಒಳಗೆ ಹತ್ತಿ ಎಳೆಯುವಾಗ ಸ್ವಲ್ಪ ತಡೆದಂತೆ ಅನಿಸಬೇಕು, ಆದರೆ ಕಾಯಿಲ್ ಸೊಟ್ಟ ಆಗಬಾರದು. ಎರಡೂ ತುದಿಯನ್ನು ಕಾಯಿಲ್ ಕೂರುವ ತಟ್ಟೆ, ಅಂದರೆ ಡೆಕ್‌ನ ಅಂಚಿಗೆ ಸರಿಯಾಗಿ ಕತ್ತರಿಸಿ, ಸೂಜಿಯಿಂದ ಬಿಡಿಸಿ, ಲಿಕ್ವಿಡ್ ಬರುವ ಕಿಂಡಿಗಳನ್ನು ಮುಚ್ಚುವಷ್ಟು ಮೆತ್ತಗೆ ಕೂರಿಸಿ. ಒತ್ತಿ ತುರುಕಬೇಡಿ. ಹೊಸಬರು ಹೆಚ್ಚಾಗಿ ಸುಟ್ಟ ರುಚಿಗೆ ಹೆದರಿ ಹತ್ತಿ ಕಡಿಮೆ ಹಾಕುತ್ತಾರೆ, ಕಿಂಡಿಯ ಒಂದು ಮೂಲೆ ತೆರೆದೇ ಉಳಿಯುತ್ತದೆ, ಅಲ್ಲಿಂದಲೇ ಪ್ರವಾಹ. ನಿಮ್ಮದೂ ಅದೇ ಇರಬಹುದು ಅಂತ ನನ್ನ ಗುಮಾನಿ.

ಲಿಕ್ವಿಡ್ಡೂ ನೋಡಿ. ಪಿಜಿ (ಪ್ರೊಪಿಲೀನ್ ಗ್ಲೈಕಾಲ್, ತೆಳು), ವಿಜಿ (ವೆಜಿಟೇಬಲ್ ಗ್ಲಿಸರಿನ್, ಗಟ್ಟಿ) ಅರ್ಧರ್ಧ ಇರುವುದು ನೀರಿನಂತೆ ತೆಳು, ದೊಡ್ಡ ಕಿಂಡಿಯ ಆರ್‌ಟಿಎಗೆ ಅದು ನಿಲ್ಲುವುದಿಲ್ಲ. 70 ಭಾಗ ವಿಜಿ ಇರುವ ಗಟ್ಟಿ ಲಿಕ್ವಿಡ್ ಹಾಕಿ. ಕೈಗೆ ಹತ್ತಿದ್ದನ್ನು ಕೂಡಲೇ ತೊಳೆದುಕೊಳ್ಳಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬಾಟಲಿ ಕಪಾಟಿನ ಮೇಲಿನ ಅರೆಗೆ.

ಪ್ರಶ್ನೆ: ಪೂಜೆಗೆ ಇಟ್ಟ ಹತ್ತಿಯನ್ನೇ ಹಾಕಬಹುದಾ? ಹೆಂಡತಿ ನಗುತ್ತಿದ್ದಾಳೆ.

ಉತ್ತರ: ನಗಲಿ ಬಿಡಿ. ಬೇಡ. ಅದರಲ್ಲಿ ಧೂಳು, ಬೀಜದ ಚೂರು ಇರುತ್ತದೆ, ಕೆಲವು ಕಡೆ ಅರಿಶಿನ ಕುಂಕುಮವೂ. ಇದಕ್ಕೆಂದೇ ಮಾರುವ ಹತ್ತಿ ತನ್ನಿ, ಒಂದು ಪೊಟ್ಟಣ ತಿಂಗಳುಗಟ್ಟಲೆ ಬರುತ್ತದೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ವಿಮಾನದಲ್ಲಿ ಇನ್ನೂ ಜಾಸ್ತಿ ಸೋರುತ್ತದಂತೆ, ಹೌದಾ?

ಉತ್ತರ: ಹೌದು. ಮೇಲೆ ಹೋದಂತೆ ಕ್ಯಾಬಿನ್ ಒತ್ತಡ ಇಳಿಯುತ್ತದೆ, ಟ್ಯಾಂಕಿನೊಳಗಿನ ಗುಳ್ಳೆ ಹಿಗ್ಗಿ ಲಿಕ್ವಿಡ್ಡನ್ನು ಹೊರಗೆ ನೂಕುತ್ತದೆ. ಆದರೆ ನಿಮಗೆ ಆ ಚಿಂತೆ ಬೇಡ, ಯಾಕೆಂದರೆ ನೀವು ಅದನ್ನು ತರುವಂತೆಯೇ ಇಲ್ಲ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟಿಗೆ ನಿಷೇಧ ಬಂತು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಆಯಿತು. ತಯಾರಿಕೆ, ಮಾರಾಟ, ಆಮದು, ಜಾಹೀರಾತು ಎಲ್ಲಕ್ಕೂ ತಡೆ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ವಂತಕ್ಕೆ ಒಂದೇ ಒಂದು ತಂದೆ ಅಂತ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಮುಂದೆ ವಾದ ಮಾಡಲು ಹೋಗಬೇಡಿ. ಹೊರಡುವ ಹಿಂದಿನ ದಿನ ಟ್ಯಾಂಕ್ ಖಾಲಿ ಮಾಡಿ, ಹತ್ತಿ ಕಿತ್ತು, ತೊಳೆದು ಒಣಗಿಸಿ ಅಲ್ಲೇ ಡ್ರಾಯರ್‌ನಲ್ಲಿಡಿ. ಇಲ್ಲಿದ್ದಷ್ಟು ದಿನ ತಡೆಯಲಾಗದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, ಎಷ್ಟು ಅಗಿಯಬೇಕು ಅಂತ ಅಲ್ಲೇ ಕೇಳಿಕೊಳ್ಳಿ. ಹಳೇ ಗೆಳೆಯರು ಟೀ ಅಂಗಡಿ ಹತ್ತಿರ ಕರೆದಾಗ ಆ ಪೊಟ್ಟಣ ಜೇಬಲ್ಲಿರಲಿ.