ತಂಗಿಗೆ ಹೊಸ ಲ್ಯಾಪ್‌ಟಾಪ್ ಆಯ್ತು, ಜೊತೆಗೆ ಇನ್ನೇನು ತಗೋಬೇಕು?

ತಂಗಿ ಕಾಲೇಜಿಗೆ ಸೇರುತ್ತಿದ್ದಾಳೆ, ಅಂಗಡಿಯವರು ಮೌಸ್, ಕೂಲಿಂಗ್ ಪ್ಯಾಡ್, ಕೀಬೋರ್ಡ್ ಕವರ್, ಆಂಟಿವೈರಸ್ ಎಲ್ಲ ಸೇರಿಸಿ ಕಾಂಬೊ ಕೊಡ್ತೀವಿ ಅಂತಿದ್ದಾರೆ, ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಅದರಲ್ಲಿ ಮೌಸ್ ಒಂದೇ ಖಂಡಿತ ಉಪಯೋಗಕ್ಕೆ ಬರುವುದು. ಅದನ್ನು ಬಿಡಿಯಾಗಿ ತಗೊಳ್ಳಿ.

ನನ್ನ ಕೇಳಿದರೆ ಮೊದಲ ದುಡ್ಡು ಬ್ಯಾಕಪ್‌ಗೆ, ಅಂದರೆ ಫೈಲುಗಳ ಇನ್ನೊಂದು ಕಾಪಿ ಇಡುವ ಹೊರಗಿನ ಡಿಸ್ಕಿಗೆ ಹೋಗಬೇಕು. ಲ್ಯಾಪ್‌ಟಾಪ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಸೆಮಿಸ್ಟರ್ ಪೂರ್ತಿ ಕೂತು ಬರೆದ ಪ್ರಾಜೆಕ್ಟ್ ರಿಪೋರ್ಟ್ ಹೋದರೆ ಹೋಯ್ತು. ಅದಕ್ಕೆ ಎಸ್‌ಎಸ್‌ಡಿಯೇ (ಚಿಪ್‌ನಲ್ಲಿ ಫೈಲು ಇಡುವ ಡಿಸ್ಕ್) ಬೇಕು ಅಂತೇನಿಲ್ಲ. ಬ್ಯಾಗಿನಲ್ಲಿ ಹೊತ್ತು ತಿರುಗುವುದಾದರೆ ಅದು ವಾಸಿ, ಒಳಗೆ ತಿರುಗುವ ಭಾಗ ಇಲ್ಲದ್ದರಿಂದ ಪೆಟ್ಟು ತಡೆಯುತ್ತೆ. ಆದರೆ ಬ್ಯಾಕಪ್ ಡಿಸ್ಕನ್ನು ಲ್ಯಾಪ್‌ಟಾಪ್ ಇರುವ ಬ್ಯಾಗಲ್ಲೇ ಇಟ್ಟರೆ, ಬ್ಯಾಗ್ ಕಳೆದ ದಿನ ಎರಡೂ ಹೋಗುತ್ತವೆ ಅಲ್ವಾ? ಡಿಸ್ಕ್ ರೂಮಲ್ಲೇ ಇರಲಿ. ಹಾಗಿದ್ದಾಗ ಮಾಮೂಲಿ ಹಾರ್ಡ್ ಡಿಸ್ಕ್ ಸಾಕು. ತೀರಾ ಬೇಕಾದ ಫೈಲುಗಳ ಇನ್ನೊಂದು ಕಾಪಿ ಕ್ಲೌಡ್‌ನಲ್ಲಿರಲಿ.

ಯುಎಸ್‌ಬಿ ಹಬ್‌ಗೆ ಆತುರ ಬೇಡ (ಒಂದು ಪೋರ್ಟಿಗೆ ಹಲವು ಸಾಧನ ಜೋಡಿಸುವ ಡಬ್ಬಿ ಅದು). ಲ್ಯಾಪ್‌ಟಾಪಲ್ಲೇ ಎಚ್‌ಡಿಎಂಐ (ಪ್ರೊಜೆಕ್ಟರಿಗೆ, ಮಾನಿಟರಿಗೆ ಚಿತ್ರ ಕಳಿಸುವ ಪೋರ್ಟ್), ಮಾಮೂಲಿ ಯುಎಸ್‌ಬಿ ಇದ್ದರೆ ಅದು ಬೇಕೇ ಇಲ್ಲ. ಬರೀ ಟೈಪ್-ಸಿ ಇದ್ದರೆ ಒಂದು ವಿಷಯ ನೋಡಿಕೊಳ್ಳಿ: ಎಲ್ಲಾ ಟೈಪ್-ಸಿ ಪೋರ್ಟಿನಿಂದಲೂ ಪ್ರೊಜೆಕ್ಟರಿಗೆ ಚಿತ್ರ ಹೋಗಲ್ಲ. ಮಾಡೆಲ್ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಅಂತ ಬರೆದಿರಬೇಕು. ಮುಂದೆ 4ಕೆ ಮಾನಿಟರ್ ಹಾಕುವ ಯೋಚನೆ ಇದ್ದರೆ ಹಬ್ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಹೊಸ ಚಿತ್ರ) ಕೊಡುತ್ತಾ ಕೇಳಿ. ಅಗ್ಗದವು ಎಷ್ಟೋ 30ಕ್ಕೇ ನಿಲ್ಲುತ್ತವೆ, ಮೌಸ್ ಬಾಣ ಎಳೆದೆಳೆದು ಬರುತ್ತೆ. ಹಾಂ, ವೈರ್‌ಲೆಸ್ ಮೌಸಿನ ಡಾಂಗಲ್ಲನ್ನು (ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್) ಹಬ್‌ನಲ್ಲಿ ಹಾರ್ಡ್ ಡಿಸ್ಕ್ ಪಕ್ಕಕ್ಕೇ ಚುಚ್ಚಬೇಡಿ. ಯುಎಸ್‌ಬಿ 3.0 ಹೊರಡಿಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಬೀಳುತ್ತೆ, ಇಂಥ ಮೌಸ್ ಮಾತಾಡುವುದೂ ಅಲ್ಲೇ, ಹಾಗಾಗಿ ತಡವರಿಸುತ್ತೆ. ಜನ ಸುಮ್ನೆ ಮೌಸ್ ಬೈತಾರೆ.

ಉಳಿದವು ಬೇಗ ಹೇಳ್ತೀನಿ. ವಿಂಡೋಸ್ 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಇದ್ದೇ ಇದೆ, ಬೇರೆ ಆಂಟಿವೈರಸ್‌ಗೆ ದುಡ್ಡು ದಂಡ. ಹಾಸಿಗೆ ಮೇಲೆ ಇಟ್ಟು ಕೆಳಗಿನ ಗಾಳಿ ಕಿಂಡಿ ಮುಚ್ಚದಿದ್ದರೆ ಓದುವ ಕೆಲಸಕ್ಕೆ ಕೂಲಿಂಗ್ ಪ್ಯಾಡ್ ಬೇಡ. ಕೀಬೋರ್ಡ್ ಕವರ್ ಹಾಕಿ ಮುಚ್ಚಿದರೆ ಸ್ಕ್ರೀನಿಗೆ ಒತ್ತುತ್ತೆ. ಸ್ಟ್ಯಾಂಡ್ ಚೆನ್ನಾಗಿಯೇ ಇರುತ್ತೆ, ಆದರೆ ಬೇರೆ ಕೀಬೋರ್ಡ್ ಇಲ್ಲದೆ ಎತ್ತರದಲ್ಲಿ ಟೈಪ್ ಮಾಡಿದರೆ ಮಣಿಕಟ್ಟು ನೋಯುತ್ತೆ. ಲ್ಯಾಪ್‌ಟಾಪಿಗೆ ಮೆತ್ತನೆಯ ಒಂದು ಸ್ಲೀವ್ (ಒಳಚೀಲ) ಮಾತ್ರ ತಪ್ಪದೆ ತಗೊಳ್ಳಿ.

ಅಂಗಡಿಯವರು ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ, ಕೈಜಾರಿ ಬಿದ್ದರೆ, ಕಾಫಿ ಚೆಲ್ಲಿದರೆ ಕವರ್ ಆಗುತ್ತಾ ಅಂತ ಕೇಳಿ. ಮಾಮೂಲಿ ವಾರಂಟಿ ಅದಕ್ಕೆ ಬರಲ್ಲ. ಆಗುತ್ತೆ ಅಂದರೆ, ಬರೆದಿರುವುದನ್ನು ತೋರಿಸಿ ಅನ್ನಿ.